ದೇಹದ ಕಾವಲುಗಾರರು ಎಲ್ಲಿ ಹುಟ್ಟುತ್ತಾರೆ?

ಕೃಷಿ – ಆರೋಗ್ಯ



ಬದುವಿನ ಮೇಲೆ, ಬೀಳು ಬಿಟ್ಟ ಹೊಲದಲ್ಲಿ, ರಸ್ತೆಯ ಅಂಚಿನಲ್ಲಿ ಬಿಳಿಯ ಹೂ ಬಿಟ್ಟು ನಿಲ್ಲುವ ಪಾರ್ಥೇನಿಯಂ ಗಿಡವನ್ನು ಅರಿಯದವರು ಮಡತ್ತುಕುಳಂ ಸುತ್ತಮುತ್ತ ಯಾರೂ ಇಲ್ಲ. ಕರ್ನಾಟಕದಲ್ಲಿ ಇದನ್ನೇ ಕಾಂಗ್ರೆಸ್ ಗಿಡ ಎನ್ನುತ್ತಾರೆ. ಈ ಗಿಡದ ವಿಷಯವಾಗಿ ನಮ್ಮ ಕುಟುಂಬಗಳಿಂದ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಒಂದಿದೆ. "ಹತ್ತು ವರ್ಷ ಬರಿಗೈಯಲ್ಲಿ ಕಿತ್ತಿದ್ದೇನೆ, ಏನೂ ಆಗಿರಲಿಲ್ಲ. ಈಗ ಗಿಡದ ಪಕ್ಕದಲ್ಲಿ ಹಾದುಹೋದರೂ ಮುಖ, ಕತ್ತು, ಮೊಣಕೈಯ ಒಳಭಾಗ ಉರಿದು ತುರಿಸುತ್ತದೆ. ಗಿಡವೇನಾದರೂ ಬದಲಾಗಿದೆಯೇ?"

ಹಸುಗೂಸಿನ ತಾಯಂದಿರು ಕೇಳುವ ಪ್ರಶ್ನೆ ಇನ್ನೊಂದು. "ಹುಟ್ಟಿದಾಗ ತೋಳಿಗೆ ಬಿಸಿಜಿ ಚುಚ್ಚಿದರು. ಅಂದು ಏನೂ ಕಾಣಲಿಲ್ಲ. ಮೂರು ನಾಲ್ಕು ವಾರ ಕಳೆದ ಮೇಲೆ ಗುಳ್ಳೆ ಎದ್ದು ಹುಣ್ಣಾಗಿದೆ. ಸೂಜಿ ಕೆಟ್ಟಿತ್ತೇ?"

ಗಿಡವೂ ಬದಲಾಗಿಲ್ಲ, ಸೂಜಿಯೂ ಕೆಟ್ಟಿರಲಿಲ್ಲ. ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಸಿಗುತ್ತದೆ. ನಮ್ಮ ದೇಹದಲ್ಲಿ ಎಲ್ಲ ಬಾಗಿಲುಗಳಲ್ಲೂ ಕಾದು ಕುಳಿತಿರುವ ಒಂದು ಬಗೆಯ ಜೀವಕೋಶವೇ ಎರಡಕ್ಕೂ ಮೊದಲ ಕಾರಣ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಡೆಂಡ್ರಿಟಿಕ್ ಕೋಶ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಡೆಂಡ್ರಾನ್ ಎಂದರೆ ಮರ. ಮರದ ರೆಂಬೆಗಳಂತೆ ಮೈತುಂಬ ಕವಲುಗಳಿರುವುದರಿಂದ ಈ ಹೆಸರು ಬಂದಿತು. ಈ ಲೇಖನದಲ್ಲಿ ನಾವು ಅದನ್ನು ಕವಲುಕೋಶ ಎಂದು ಕರೆಯೋಣ. ಈ ಕಾವಲುಗಾರರು ಏನು ಕೆಲಸ ಮಾಡುತ್ತಾರೆ, ಅದಕ್ಕಿಂತ ಮುಖ್ಯವಾಗಿ ಎಲ್ಲಿ ಹುಟ್ಟಿ ಎಲ್ಲಿಂದ ಬರುತ್ತಾರೆ ಎಂಬುದನ್ನು ತಿಳಿದರೆ, ಲಸಿಕೆ ಹಾಕಿಸುವಾಗಲೂ ಕಳೆ ಕೀಳುವಾಗಲೂ ದೊಡ್ಡ ಕಾಯಿಲೆಗೆ ಚಿಕಿತ್ಸೆ ಹುಡುಕುವಾಗಲೂ ನಮಗೆ ಸರಿಯಾದ ದಾರಿ ಕಾಣುತ್ತದೆ.

ಕಂಡುಹಿಡಿದವರು

1868ರಲ್ಲಿ ಬರ್ಲಿನ್ ನಗರದಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಮನುಷ್ಯನ ಚರ್ಮದ ತುಣುಕಿಗೆ ಚಿನ್ನದ ಲವಣದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ. ಚರ್ಮದ ಮೇಲ್ಪದರದಲ್ಲಿ ಕವಲು ಚಾಚಿದ ಕೋಶಗಳು ಅಲ್ಲಲ್ಲಿ ಕುಳಿತಿರುವುದು ಕಂಡಿತು. ಆಕಾರವನ್ನು ನೋಡಿ ಅವು ನರಕ್ಕೆ ಸೇರಿದವು ಎಂದು ಆತ ಭಾವಿಸಿದ. ಆ ಕೋಶಗಳಿಗೆ ಇಂದಿಗೂ ಲ್ಯಾಂಗರ್‌ಹಾನ್ಸ್ ಕೋಶಗಳೆಂದೇ ಹೆಸರು. ಅವುಗಳ ನಿಜವಾದ ಕೆಲಸ ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

1973ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್‌ವಿಲ್ ಕೋನ್ ಎಂಬ ವಿಜ್ಞಾನಿಗಳು ಇಲಿಯ ಗುಲ್ಮದಲ್ಲಿ ಇಂಥ ಕವಲೊಡೆದ ಕೋಶಗಳನ್ನು ಗುರುತಿಸಿ ಡೆಂಡ್ರಿಟಿಕ್ ಕೋಶ ಎಂದು ಹೆಸರಿಟ್ಟರು. ಸಂಖ್ಯೆಯಲ್ಲಿ ಅವು ಬಹಳ ವಿರಳ. ಇಷ್ಟು ಅಪರೂಪದ ಕೋಶ ರೋಗನಿರೋಧಕ ಶಕ್ತಿಗೆ ಮುಖ್ಯವಾಗಲು ಸಾಧ್ಯವೇ ಎಂದು ಹಲವರು ಸಂಶಯಪಟ್ಟರು. ಸ್ಟೈನ್‌ಮನ್ ದಶಕಗಟ್ಟಲೆ ದುಡಿದು ಅದನ್ನು ಸಾಬೀತುಪಡಿಸಿದರು. 2011ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಆದರೆ ಅಕ್ಟೋಬರ್ 3ರಂದು ಹೆಸರು ಪ್ರಕಟವಾಗುವ ಮೂರು ದಿನ ಮೊದಲು, ಸೆಪ್ಟೆಂಬರ್ 30ರಂದು, ಅವರು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆರಿಸಿದವರಿಗೆ ಈ ಸುದ್ದಿ ತಿಳಿದಿರಲಿಲ್ಲ. ಮೃತರಿಗೆ ಪ್ರಶಸ್ತಿ ಕೊಡುವ ನಿಯಮವಿಲ್ಲದಿದ್ದರೂ ಅವರ ಹೆಸರನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು.

ಕಾವಲಿನ ಕೆಲಸ

ಜೋಳದ ಹೊಲದಲ್ಲಿ ಅಟ್ಟಣೆ ಕಟ್ಟಿ ಕಾವಲು ಕೂರುವ ಆಳು ಹಂದಿಯ ಹಿಂಡನ್ನು ತಾನೊಬ್ಬನೇ ಓಡಿಸಲಾರ. ಹಂದಿ ಬಂದ ಗುರುತು ನೋಡಿ, ಊರಿಗೆ ಓಡಿಹೋಗಿ, ಯಾವ ಕಡೆಯಿಂದ ಏನು ಬಂದಿದೆ ಎಂದು ಹೇಳಿ ಜನರನ್ನು ಎಬ್ಬಿಸುವುದು ಅವನ ಕೆಲಸ. ಕವಲುಕೋಶದ ಕೆಲಸವೂ ಹಾಗೆಯೇ. ಚರ್ಮ, ಮೂಗು, ಶ್ವಾಸಕೋಶ, ಕರುಳು ಮುಂತಾದ ಹೊರಗಿನ ವಸ್ತು ಒಳಬರುವ ಎಲ್ಲ ಕಡೆಗಳಲ್ಲಿ ಅದು ಕವಲು ಚಾಚಿ ಕುಳಿತಿರುತ್ತದೆ. ರೋಗಾಣು ಬಂದರೆ ಅದನ್ನು ನುಂಗಿ ಚೂರು ಮಾಡಿ, ಆ ಚೂರನ್ನು ತನ್ನ ಮೈಮೇಲೆ ಗುರುತಿನ ಚೀಟಿಯಂತೆ ಹಿಡಿದುಕೊಂಡು, ಕಂಕುಳು, ಕತ್ತು, ತೊಡೆಸಂದುಗಳಲ್ಲಿರುವ ದುಗ್ಧಗ್ರಂಥಿಗೆ ಪ್ರಯಾಣ ಮಾಡುತ್ತದೆ. ಕಾಲಿನ ಗಾಯಕ್ಕೆ ತೊಡೆಸಂದಿನಲ್ಲಿ ಗೆಡ್ಡೆ ಕಟ್ಟುವುದನ್ನು ಎಲ್ಲರೂ ಕಂಡಿದ್ದೀರಿ. ಆ ಗೆಡ್ಡೆಯೇ ಊದಿಕೊಂಡ ದುಗ್ಧಗ್ರಂಥಿ.

ಅಲ್ಲಿ ಟಿ-ಕೋಶಗಳೆಂಬ ಸೈನಿಕರು ಲಕ್ಷಗಟ್ಟಲೆ ಇರುತ್ತಾರೆ. ಪ್ರತಿಯೊಬ್ಬ ಸೈನಿಕನೂ ಒಂದೇ ಒಂದು ಗುರುತನ್ನು ಮಾತ್ರ ಬಲ್ಲ. ಕವಲುಕೋಶ ತಂದ ಚೀಟಿ ಯಾರಿಗೆ ಹೊಂದುತ್ತದೆಯೋ ಆ ಸೈನಿಕನು ಎಚ್ಚೆತ್ತು, ಒಬ್ಬನಿದ್ದವನು ಸಾವಿರಾರು ಆಗಿ, ಹುಣ್ಣಿನ ಕಡೆಗೆ ಹೊರಡುತ್ತಾನೆ. ಇದಕ್ಕೆ ದಿನಗಳು ಹಿಡಿಯುತ್ತವೆ. ಯುದ್ಧ ಮುಗಿದ ಮೇಲೂ ಕೆಲವರು ನೆನಪನ್ನು ಇಟ್ಟುಕೊಂಡು ವರ್ಷಗಟ್ಟಲೆ ಬದುಕಿರುತ್ತಾರೆ. ಬಂದದ್ದು ಅಪಾಯಕಾರಿಯಲ್ಲ, ನಮ್ಮದೇ ದೇಹದ್ದು ಅಥವಾ ನಾವು ಉಂಡ ಅನ್ನದ್ದು ಎಂದಾದರೆ, ಸುಮ್ಮನಿರಿ ಎಂದು ಸೈನಿಕರಿಗೆ ಕಲಿಸುವುದೂ ಕವಲುಕೋಶದ ಕೆಲಸವೇ.

ಈಗ ಬಿಸಿಜಿ ಪ್ರಶ್ನೆಗೆ ಉತ್ತರ ಸುಲಭ. ಈ ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ಕ್ಷಯಜಾತಿಯ ರೋಗಾಣು. ಅದನ್ನು ಎಡತೋಳಿನ ಚರ್ಮದೊಳಗೇ ಚುಚ್ಚುತ್ತಾರೆ. ಅಲ್ಲಿನ ಕಾವಲುಗಾರರು ಅದರ ಗುರುತನ್ನು ಕಂಕುಳಿಗೆ ಒಯ್ದು, ಸೈನಿಕರು ತಯಾರಾಗಿ, ಚುಚ್ಚಿದ ಜಾಗಕ್ಕೆ ಮರಳಲು ಎರಡು ಮೂರು ವಾರ ಬೇಕು. ಆಗ ಎದ್ದ ಗುಳ್ಳೆ ಒಡೆದು, ಹುಣ್ಣಾಗಿ, ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರದೊಳಗೆ ಒಣಗಿ ಚಿಕ್ಕ ಕಲೆ ಉಳಿಯುತ್ತದೆ. ಅದಕ್ಕೆ ಮುಲಾಮು, ಅರಿಸಿನ, ಎಣ್ಣೆ ಏನನ್ನೂ ಹಚ್ಚಬೇಕಾಗಿಲ್ಲ.

ಮೊದಲನೆಯ ಸಸಿಮಡಿ: ಎಲುಬಿನ ಮಜ್ಜೆ

ಇಷ್ಟು ಮುಖ್ಯವಾದ ಕಾವಲುಗಾರರು ಎಲ್ಲಿಂದ ಬರುತ್ತಾರೆ? ಅಮರಾವತಿ ನೀರಿನಲ್ಲಿ ಭತ್ತ ಬೆಳೆಯುವ ನಮಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಭತ್ತವನ್ನು ಮೊದಲು ಒಂದು ಸಣ್ಣ ಸಸಿಮಡಿಯಲ್ಲಿ ಬಿತ್ತಿ, ಸಸಿ ಬಲಿತ ಮೇಲೆ ಕಿತ್ತು ಗದ್ದೆಗೆ ಒಯ್ದು ನಾಟಿ ಮಾಡುತ್ತೇವೆ. ತೆನೆ ಬರುವುದು ಗದ್ದೆಯಲ್ಲಿ. ಕವಲುಕೋಶಗಳಲ್ಲಿ ಬಹುಪಾಲು ಇದೇ ರೀತಿ ಬೆಳೆಯುತ್ತವೆ. ಅವುಗಳ ಸಸಿಮಡಿ ನಮ್ಮ ಎಲುಬಿನೊಳಗಿರುವ ಮಜ್ಜೆ. ದೊಡ್ಡವರಲ್ಲಿ ಸೊಂಟದ ಎಲುಬು, ಎದೆಯ ಎಲುಬು, ಬೆನ್ನುಹುರಿಯ ಮಣಿಗಳು, ಪಕ್ಕೆಲುಬುಗಳಲ್ಲಿ ಈ ಕೆಂಪು ಮಜ್ಜೆ ಹೆಚ್ಚಾಗಿರುತ್ತದೆ.

ಮಜ್ಜೆಯಲ್ಲಿರುವ ತಾಯಿಕೋಶಗಳಿಂದಲೇ ಕೆಂಪು ರಕ್ತಕಣ, ಬಿಳಿ ರಕ್ತಕಣ, ರಕ್ತ ಹೆಪ್ಪುಗಟ್ಟಿಸುವ ಕಣ ಎಲ್ಲವೂ ಹುಟ್ಟುತ್ತವೆ. ಆಸ್ಪತ್ರೆಗಳಲ್ಲಿ ಸ್ಟೆಮ್ ಸೆಲ್ ಎಂದು ಹೇಳುವುದು ಇದನ್ನೇ. ಕವಲುಕೋಶವಾಗುವ ದಾರಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲು ತಾಯಿಕೋಶದಿಂದ ಬರುವ ಮಗಳುಕೋಶ ಎರಡು ಕುಲಗಳಿಗೆ ಸಮಾನವಾದದ್ದು. ಒಂದು ಕುಲ ಕಸ ನುಂಗಿ ಜಾಗ ಶುಚಿ ಮಾಡುವ ಮ್ಯಾಕ್ರೋಫೇಜ್ ಕೋಶಗಳದ್ದು, ಇನ್ನೊಂದು ಕವಲುಕೋಶಗಳದ್ದು. ಮುಂದಿನ ಮೆಟ್ಟಿಲಿನಲ್ಲಿ ದಾರಿ ಬೇರೆಯಾಗಿ, ಕವಲುಕೋಶಕ್ಕೆ ಮಾತ್ರ ಜನ್ಮ ಕೊಡುವ ಕೋಶ ಸಿದ್ಧವಾಗುತ್ತದೆ. ಅದರಿಂದ ಎಳೆಯ ಸಸಿಗಳು ಹುಟ್ಟುತ್ತವೆ. ಅವು ಇನ್ನೂ ಕವಲು ಚಾಚಿರುವುದಿಲ್ಲ. ರಕ್ತವೆಂಬ ಕಾಲುವೆಗೆ ಇಳಿದು, ಚರ್ಮದ ಒಳಪದರ, ಶ್ವಾಸಕೋಶ, ಕರುಳು, ಗುಲ್ಮ ಮುಂತಾದ ಗದ್ದೆಗಳಿಗೆ ಹೋಗಿ, ಅಲ್ಲಿ ನೆಟ್ಟುಕೊಂಡ ಮೇಲೆಯೇ ಪೂರ್ಣ ಕವಲುಕೋಶವಾಗುತ್ತವೆ. ಮಾನವನ ರಕ್ತದಲ್ಲಿ ಹೀಗೆ ಪ್ರಯಾಣ ಮಾಡುತ್ತಿರುವ ಎಳೆಯ ಸಸಿಗಳನ್ನು 2015ರಲ್ಲಿ ಗುರುತಿಸಲಾಯಿತು.

ಸಸಿಮಡಿಗೆ ಗೊಬ್ಬರ ಬೇಕಾದಂತೆ ಈ ಬೆಳವಣಿಗೆಗೂ ಒಂದು ಪೋಷಕ ವಸ್ತು ಬೇಕು. ಅದನ್ನು ಫ್ಲಿಟ್-3 ಲಿಗ್ಯಾಂಡ್ ಎಂದು ಕರೆಯುತ್ತಾರೆ. ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. 1996ರಲ್ಲಿ ಇಲಿಗಳಿಗೆ ಅದನ್ನು ಚುಚ್ಚಿ ನೋಡಿದಾಗ ಕವಲುಕೋಶಗಳ ಸಂಖ್ಯೆ ಅನೇಕ ಪಟ್ಟು ಏರಿತು. ಗೊಬ್ಬರದ ಜೊತೆಗೆ ತಳಿಯೂ ಮುಖ್ಯ. ಕೋಶದ ಒಳಗಿರುವ ಯಾವ ಜೀನ್ ತೆರೆದುಕೊಳ್ಳುತ್ತದೆ ಎಂಬುದರ ಮೇಲೆ ಕವಲುಕೋಶದ ಬಗೆ ನಿರ್ಧಾರವಾಗುತ್ತದೆ. ಒಂದನೆಯ ಬಗೆ, ವೈರಸ್ಸು ಹೊಕ್ಕ ಕೋಶಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುವ ಸೈನಿಕರನ್ನು ಎಬ್ಬಿಸುವುದರಲ್ಲಿ ನಿಪುಣ. ಎರಡನೆಯ ಬಗೆ, ಬ್ಯಾಕ್ಟೀರಿಯಾ, ಬೂಷ್ಟು, ಜಂತುಹುಳು ಇವುಗಳ ವಿರುದ್ಧ ನೆರವಾಗುವ ಸೈನಿಕರನ್ನು ಎಬ್ಬಿಸುತ್ತದೆ. ಇವೆರಡರಿಂದ ಬೇರೆಯಾಗಿ ಪ್ಲಾಸ್ಮಾಸೈಟಾಯ್ಡ್ ಎಂಬ ಇನ್ನೊಂದು ಬಗೆಯಿದೆ. ಅದು ವೈರಸ್ಸನ್ನು ಕಂಡೊಡನೆ ಇಂಟರ್‌ಫೆರಾನ್ ಎಂಬ ದ್ರವ್ಯವನ್ನು ಧಾರಾಳವಾಗಿ ಸುರಿಸುತ್ತದೆ. ಅದರ ಹುಟ್ಟಿನಲ್ಲಿ ಸೈನಿಕ ಕೋಶಗಳ ಕುಲಕ್ಕೂ ಪಾಲಿದೆ.

ಗದ್ದೆಗೆ ಬಂದ ಈ ಕಾವಲುಗಾರರ ಆಯುಸ್ಸು ಕಡಿಮೆ. ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ. ಆದುದರಿಂದ ಮಜ್ಜೆಯ ಸಸಿಮಡಿ ಬಿಡುವಿಲ್ಲದೆ ನಡೆಯುತ್ತಲೇ ಇರಬೇಕು. ಸಸಿಮಡಿ ಒಣಗಿದರೆ ಗದ್ದೆಯೂ ಬರಿದಾಗುತ್ತದೆ.

ಎರಡನೆಯ ಸಸಿಮಡಿ: ತಾಯಿಯ ಗರ್ಭ

ಹಾಗಾದರೆ ಲ್ಯಾಂಗರ್‌ಹಾನ್ಸ್ ಕಂಡ ಚರ್ಮದ ಮೇಲ್ಪದರದ ಕೋಶಗಳೂ ಮಜ್ಜೆಯಿಂದಲೇ ಬರುತ್ತವೆಯೇ? 1979ರಲ್ಲಿ ಅಮೆರಿಕದ ಸ್ಟೀಫನ್ ಕಾಟ್ಸ್ ಮತ್ತು ಸಂಗಡಿಗರು ವಿಕಿರಣದಿಂದ ಇಲಿಯ ಸ್ವಂತ ಮಜ್ಜೆಯನ್ನು ನಾಶಮಾಡಿ, ಬೇರೆ ಇಲಿಯ ಮಜ್ಜೆಯನ್ನು ಕೊಟ್ಟು ನೋಡಿದರು. ಚರ್ಮದಲ್ಲಿ ಹೊಸ ಮಜ್ಜೆಯ ಕೋಶಗಳು ಕಂಡವು. ಅಂದಿನಿಂದ ಮಜ್ಜೆಯೇ ಮೂಲ ಎಂದು ಪಾಠಪುಸ್ತಕಗಳಲ್ಲಿ ಬರೆಯಲಾಯಿತು. 2002ರಲ್ಲಿ ಮಿರಿಯಂ ಮೆರಾದ್ ಮತ್ತು ಸಂಗಡಿಗರು ಇದನ್ನು ಮತ್ತೊಮ್ಮೆ ಪರೀಕ್ಷಿಸಿದರು. ಚರ್ಮಕ್ಕೆ ಪೆಟ್ಟಾಗದಿದ್ದರೆ, ಮಜ್ಜೆ ಬದಲಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಳೆದರೂ ಚರ್ಮದಲ್ಲಿ ಹಳೆಯ ಕೋಶಗಳೇ ಉಳಿದಿದ್ದವು. ಚರ್ಮವನ್ನು ಅತಿನೇರಳೆ ಕಿರಣದಿಂದ ಸುಟ್ಟು ಹಳೆಯವುಗಳನ್ನು ಅಳಿಸಿದಾಗ ಮಾತ್ರ ರಕ್ತದಿಂದ ಹೊಸಬರು ಬಂದು ಆ ಜಾಗ ಹಿಡಿದರು. ಮಾಮೂಲು ದಿನಗಳ ವ್ಯವಸ್ಥೆ ಒಂದು, ಆಪತ್ತಿನ ದಿನಗಳದ್ದು ಇನ್ನೊಂದು ಎಂಬುದು ಹೀಗೆ ತಿಳಿಯಿತು.

ಮಾಮೂಲು ದಿನಗಳಲ್ಲಿ ಈ ಕೋಶಗಳು ಚರ್ಮದಲ್ಲಿಯೇ ಒಡೆದು ಎರಡಾಗಿ ತಮ್ಮ ಸಂತಾನವನ್ನು ಮುಂದುವರಿಸುತ್ತವೆ. ಕಬ್ಬು ಬೆಳೆಯುವವರಿಗೆ ಇದು ಗೊತ್ತಿರುವ ಸಂಗತಿ. ಮೊದಲ ಸಲ ಮಾತ್ರ ಬಿತ್ತನೆಯ ತುಂಡನ್ನು ನೆಡುತ್ತೇವೆ. ಕಟಾವಾದ ಮೇಲೆ ಅದೇ ಬುಡದಿಂದ ಕೂಳೆ ಕಬ್ಬು ಚಿಗುರುತ್ತದೆ. ಮಜ್ಜೆಯಿಂದ ಬರುವ ಕವಲುಕೋಶ ನಾಟಿಯ ಭತ್ತದಂತೆ, ಚರ್ಮದ ಮೇಲ್ಪದರದ ಲ್ಯಾಂಗರ್‌ಹಾನ್ಸ್ ಕೋಶ ಕೂಳೆ ಕಬ್ಬಿನಂತೆ.

ಆ ಮೊದಲ ನಾಟಿ ಯಾವಾಗ ನಡೆಯಿತು? ನಾವು ತಾಯಿಯ ಗರ್ಭದಲ್ಲಿದ್ದಾಗ. ಗರ್ಭದ ಮೊದಲ ವಾರಗಳಲ್ಲಿ ಶಿಶುವಿಗೆ ಮಜ್ಜೆಯೇ ಇರುವುದಿಲ್ಲ. ಭ್ರೂಣಕ್ಕೆ ಅಂಟಿಕೊಂಡಿರುವ ಹಳದಿ ಚೀಲವೆಂಬ ಪುಟ್ಟ ಚೀಲದಲ್ಲಿ ಮೊದಲ ರಕ್ತಕೋಶಗಳು ಹುಟ್ಟುತ್ತವೆ. ಅನಂತರ ಆ ಕೆಲಸ ಶಿಶುವಿನ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಕೊನೆಗೆ ಎಲುಬಿನ ಮಜ್ಜೆಗೆ ಬರುತ್ತದೆ. ಇಲಿಗಳಲ್ಲಿ ನಡೆಸಿದ ಪರೀಕ್ಷೆಗಳ ಪ್ರಕಾರ, ಚರ್ಮಕ್ಕೆ ಮೊದಲು ಹಳದಿ ಚೀಲದ ಕೋಶಗಳು ಬಂದು, ಅನಂತರ ಪಿತ್ತಜನಕಾಂಗದ ಕೋಶಗಳು ಬಂದು ಹೆಚ್ಚಿನ ಪಾಲು ಜಾಗ ಹಿಡಿಯುತ್ತವೆ. ಇದು 2012ರಲ್ಲಿ ಪ್ರಕಟವಾಯಿತು. ಮಾನವ ಶಿಶುವಿನ ಚರ್ಮದಲ್ಲಿಯೂ ಗರ್ಭದ ಮೊದಲ ಮೂರು ತಿಂಗಳಲ್ಲೇ ಈ ಕೋಶಗಳು ಕಾಣುತ್ತವೆ. ಲೋಕದ ಗಾಳಿ ಸೋಕುವ ಎಷ್ಟೋ ಮೊದಲೇ ಬಾಗಿಲಿಗೆ ಕಾವಲು ಬಂದಿರುತ್ತದೆ. ಕೀರ್ತನೆಗಳ ಗ್ರಂಥದ 139ನೇ ಕೀರ್ತನೆಯನ್ನು ಪ್ರಾರ್ಥಿಸುವಾಗ ಈ ಮಾತನ್ನು ನೆನೆಯಬಹುದು.

ಮನುಷ್ಯರಲ್ಲಿಯೂ ಕೂಳೆಯ ವಿಧಾನವೇ ಎಂಬುದಕ್ಕೆ ಸಾಕ್ಷಿ ಬೇರೊಂದು ದಾರಿಯಿಂದ ಬಂದಿತು. ಕೈ ಕಳೆದುಕೊಂಡವರಿಗೆ ಮೃತರಾದ ದಾನಿಯ ಕೈಯನ್ನು ಕಸಿ ಮಾಡುವ ಶಸ್ತ್ರಚಿಕಿತ್ಸೆ ಇದೆ. ನಮ್ಮ ದೇಶದಲ್ಲಿ ಇದು ಮೊದಲು ನಡೆದದ್ದು 2015ರಲ್ಲಿ, ಘಟ್ಟದ ಆಚೆ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ. ಅದಕ್ಕೂ ಮೊದಲೇ ಫ್ರಾನ್ಸಿನಲ್ಲಿ ಇಂಥ ಕಸಿ ಮಾಡಿಸಿಕೊಂಡ ಒಬ್ಬರ ಕೈಯ ಚರ್ಮವನ್ನು ಹತ್ತು ವರ್ಷದ ನಂತರ ಪರೀಕ್ಷಿಸಿದಾಗ, ಅದರಲ್ಲಿದ್ದ ಲ್ಯಾಂಗರ್‌ಹಾನ್ಸ್ ಕೋಶಗಳು ದಾನಿಯವೇ ಆಗಿದ್ದವು. ಹತ್ತು ವರ್ಷ ಬೇರೊಬ್ಬರ ರಕ್ತ ಹರಿದರೂ ಬುಡ ಬದಲಾಗಿರಲಿಲ್ಲ.

ಹುಟ್ಟನ್ನು ನೋಡಿದರೆ ಈ ಲ್ಯಾಂಗರ್‌ಹಾನ್ಸ್ ಕೋಶಗಳು ಮ್ಯಾಕ್ರೋಫೇಜ್ ಕುಲಕ್ಕೆ ಹತ್ತಿರ. ಕೆಲಸವನ್ನು ನೋಡಿದರೆ ಕವಲುಕೋಶ. ಆದುದರಿಂದ ಆಕಾರವನ್ನು ನೋಡಿ ಹೆಸರಿಡುವುದರ ಬದಲು ಹುಟ್ಟಿನ ಮೂಲವನ್ನು ನೋಡಿ ಈ ಕೋಶಗಳನ್ನು ವಿಂಗಡಿಸಬೇಕೆಂದು 2014ರಲ್ಲಿ ಕೆಲವು ವಿಜ್ಞಾನಿಗಳು ಸಲಹೆ ಮಾಡಿದರು. ಬೀಜ ಯಾವುದೆಂದು ತಿಳಿಯದೆ ಎಲೆ ನೋಡಿ ತಳಿ ಹೇಳಲಾಗದು ಎಂಬುದು ರೈತರಿಗೆ ಹೊಸ ಮಾತೇನಲ್ಲ.

ಪಾರ್ಥೇನಿಯಂ ಪ್ರಶ್ನೆಗೆ ಉತ್ತರ

1950ರ ದಶಕದಲ್ಲಿ ಪುಣೆಯ ಬಳಿ ಕಂಡುಬಂದ ಈ ಕಳೆ ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತವನ್ನೆಲ್ಲ ಆವರಿಸಿತು. ಇದರಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕ ಬಹಳ ಸಣ್ಣದು. ಬೆವರಿದ ಚರ್ಮದ ಮೂಲಕ ಒಳಗೆ ಇಳಿದು ನಮ್ಮದೇ ಚರ್ಮದ ಸಸಾರಜನಕ ವಸ್ತುವಿಗೆ ಅಂಟಿಕೊಳ್ಳುತ್ತದೆ. ಮೇಲ್ಪದರದ ಮತ್ತು ಒಳಪದರದ ಕಾವಲುಗಾರರು ಅದನ್ನು ಹೊರಗಿನ ಶತ್ರುವೆಂದು ಬಗೆದು ಗುರುತನ್ನು ದುಗ್ಧಗ್ರಂಥಿಗೆ ಒಯ್ಯುತ್ತಾರೆ. ಒಂದು ಸಲಕ್ಕೆ ಸೈನಿಕರು ಏಳದಿರಬಹುದು. ಹತ್ತು ಸಲ, ನೂರು ಸಲ ಗುರುತು ಹೋದ ಮೇಲೆ ಒಂದು ದಿನ ಏಳುತ್ತಾರೆ. ಅಲ್ಲಿಗೆ ನೆನಪು ಕೂತಿತು. ಮುಂದೆ ಗಿಡದ ಒಣಪುಡಿ ಗಾಳಿಯಲ್ಲಿ ತೇಲಿಬಂದು ತಗಲಿದರೂ ಒಂದೆರಡು ದಿನದೊಳಗೆ ಚರ್ಮ ಉರಿಯುತ್ತದೆ. ಹತ್ತು ವರ್ಷ ಏನೂ ಆಗದಿದ್ದವನಿಗೆ ಹನ್ನೊಂದನೆಯ ವರ್ಷ ಆಗುವುದು ಹೀಗೆ. ಕಾವಲುಗಾರನು ಬದಲಾಗುತ್ತಾ ಹೋದರೂ ನೆನಪಿನ ಸೈನಿಕರು ಉಳಿಯುವುದರಿಂದ ಈ ತೊಂದರೆ ವರ್ಷಗಟ್ಟಲೆ, ಹಲವರಲ್ಲಿ ಜೀವಮಾನವೆಲ್ಲ, ಇರುತ್ತದೆ.

"ನನಗೆ ಅದು ತಾಗುವುದಿಲ್ಲ" ಎಂದು ಬರಿಗೈಯಲ್ಲಿ ಕೀಳುವ ಯುವಕರೇ, ಇಂದು ತಾಗದಿರುವುದು ನಾಳೆಗೆ ಭರವಸೆಯಲ್ಲ ಎಂಬುದನ್ನು ಗಮನಿಸಿರಿ. ಹೂ ಬಿಡುವ ಮೊದಲೇ, ಮಣ್ಣು ತೇವವಿರುವಾಗ, ಕೈಗವಸು ಮತ್ತು ತುಂಬುತೋಳಿನ ಅಂಗಿ ಹಾಕಿಕೊಂಡು ಬೇರುಸಹಿತ ಕೀಳಬೇಕು. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ತೊಳೆದುಕೊಂಡು ಬಟ್ಟೆ ಬದಲಾಯಿಸಬೇಕು. ಬೆಳೆಯಿಲ್ಲದ ಜಾಗದಲ್ಲಿ ಲೀಟರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಸಿಂಪಡಿಸುವ ಕ್ರಮವೂ ಇದೆ. ಅದನ್ನು ಬೆಳೆಯಿರುವ ಹೊಲದಲ್ಲಿ ಮಾಡಬಾರದು, ಮಣ್ಣು ಕೆಡುತ್ತದೆ. 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಮೆಕ್ಸಿಕೋ ಜೀರುಂಡೆ ಈ ಗಿಡದ ಎಲೆಯನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಗಿಡದ ಮೇಲೆ ಕಪ್ಪು ಗೀರುಗಳಿರುವ ತಿಳಿ ಬಣ್ಣದ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿರಿ. ಒಮ್ಮೆ ತುರಿಕೆ ಬಂದವರು ಗಿಡದಿಂದ ದೂರವಿರುವುದೇ ಮೊದಲ ಔಷಧ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಡುತ್ತದೆ. ಚರ್ಮವೈದ್ಯರನ್ನು ಕಂಡು ಅವರು ಹೇಳಿದಷ್ಟು ದಿನ ಮಾತ್ರ ಹಚ್ಚಬೇಕು.

ಸಸಿಮಡಿ ಕೆಟ್ಟಾಗ

ತೀರಾ ಅಪರೂಪವಾಗಿ ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಈ ಸಸಿಮಡಿ ಕೆಟ್ಟಿರುತ್ತದೆ. 2011ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಐಆರ್‌ಎಫ್-8 ಎಂಬ ಜೀನಿನಲ್ಲಿ ದೋಷವಿದ್ದವರ ವಿವರವಿದೆ. ಒಂದು ಮಗುವಿನಲ್ಲಿ ಕವಲುಕೋಶಗಳು ಇರಲೇ ಇಲ್ಲ. ಎಲ್ಲ ಮಕ್ಕಳಿಗೂ ರಕ್ಷೆಯಾಗುವ ಬಿಸಿಜಿ ಆ ಮಗುವಿನಲ್ಲಿ ಮೈಯೆಲ್ಲ ಹರಡಿ ರೋಗವಾಯಿತು. ಕಾವಲುಗಾರನಿಲ್ಲದೆ ಸೈನಿಕರನ್ನು ಎಬ್ಬಿಸುವವರೇ ಇರಲಿಲ್ಲ. ಬೇರೊಬ್ಬರ ತಾಯಿಕೋಶಗಳ ಕಸಿ ಮಾಡಿದಾಗ ಮಗು ಚೇತರಿಸಿಕೊಂಡಿತು. ಹೊಸ ಸಸಿಮಡಿಯಿಂದ ಹೊಸ ಕಾವಲು ಬಂದಿತು.

ಇದನ್ನು ಓದಿ ಯಾರೂ ಬಿಸಿಜಿಗೆ ಹೆದರಬಾರದು. ಇಂಥ ದೋಷ ಬಹಳ ವಿರಳ. ಬಿಸಿಜಿ ಇಲ್ಲದ ಮಗುವಿಗೆ ಕ್ಷಯವು ಮಿದುಳಿಗೆ ಏರುವ ಅಪಾಯವಾದರೋ ನಮ್ಮ ಊರುಗಳಲ್ಲಿ ನಿಜವಾದದ್ದು. 1968ರಲ್ಲಿ ಆರಂಭವಾದ ಚೆಂಗಲ್ಪಟ್ಟಿನ ದೊಡ್ಡ ಪರೀಕ್ಷೆಯಿಂದ, ದೊಡ್ಡವರಿಗೆ ಬರುವ ಶ್ವಾಸಕೋಶದ ಕ್ಷಯವನ್ನು ಈ ಲಸಿಕೆ ತಡೆಯುವುದಿಲ್ಲವೆಂದು ತಿಳಿಯಿತು. ಎಳೆಯ ಮಕ್ಕಳಲ್ಲಿ ಮಿದುಳಿನ ಪೊರೆಗೆ ಬರುವ ಕ್ಷಯ ಮತ್ತು ಮೈಯೆಲ್ಲ ಹರಡುವ ಕ್ಷಯದಿಂದ ಅದು ಕಾಪಾಡುತ್ತದೆ. ಆದುದರಿಂದ ಹುಟ್ಟಿದ ಕೂಡಲೇ ಹಾಕಿಸಬೇಕು. ಜ್ಞಾನಸ್ನಾನಕ್ಕೆ ದಿನ ಕೇಳಲು ಬರುವ ತಾಯ್ತಂದೆಯರನ್ನು "ಬಿಸಿಜಿ ಆಯಿತೇ?" ಎಂದು ನಾವು ಕೇಳುವುದು ಇದಕ್ಕಾಗಿಯೇ.

ಒಂದು ಎಚ್ಚರಿಕೆ ಮಾತ್ರ ಬೇಕು. ಮನೆಯಲ್ಲಿ ಹಿಂದಿನ ಮಗು ಒಂದು ವರ್ಷ ತುಂಬುವ ಮೊದಲೇ ಪದೇ ಪದೇ ಸೋಂಕಾಗಿ ತೀರಿಕೊಂಡಿದ್ದರೆ, ಅಥವಾ ಬಿಸಿಜಿ ಹುಣ್ಣು ಒಣಗದೆ ಹರಡಿದ್ದರೆ, ಮುಂದಿನ ಮಗುವಿಗೆ ಲಸಿಕೆ ಹಾಕುವ ಮೊದಲು ಅದನ್ನು ವೈದ್ಯರಿಗೆ ತಿಳಿಸಿರಿ. ನಾಚಿಕೆಯಿಂದಲೋ ದುಃಖದಿಂದಲೋ ಮುಚ್ಚಿಡಬೇಡಿರಿ. ರಕ್ತಸಂಬಂಧದೊಳಗೆ ಮದುವೆಯಾದ ಕುಟುಂಬಗಳಲ್ಲಿ ಎರಡೂ ಕಡೆಯಿಂದ ಒಂದೇ ದೋಷ ಕೂಡಿಬರುವ ಸಂಭವ ಹೆಚ್ಚು. ಹತ್ತಿರದ ನಂಟರ ಮದುವೆಗೆ ಧರ್ಮಸಭೆಯ ಅನುಮತಿ ಬೇಕೆಂಬುದು ನಿಮಗೆ ತಿಳಿದೇ ಇದೆ. ಆರೋಗ್ಯದ ದೃಷ್ಟಿಯಿಂದಲೂ ಯೋಚಿಸಿರಿ.

ಮಜ್ಜೆಯ ಕಸಿ ಇಂದು ದೂರದ ಮಾತಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1986ರಿಂದ ಇದು ನಡೆಯುತ್ತಿದೆ. ದಾನಿ ಕೊಡುವ ತಾಯಿಕೋಶಗಳು ಅವನ ಮಜ್ಜೆಯಲ್ಲಿ ಮತ್ತೆ ಬೆಳೆದುಕೊಳ್ಳುತ್ತವೆ. ಕೆಲವರು "ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಧರ್ಮಸಭೆ ವಿರೋಧಿಸುತ್ತದೆ" ಎಂದು ಕೇಳಿ ಹಿಂಜರಿಯುತ್ತಾರೆ. ಧರ್ಮಸಭೆ ವಿರೋಧಿಸುವುದು ಭ್ರೂಣವನ್ನು ನಾಶಮಾಡಿ ಕೋಶ ತೆಗೆಯುವುದನ್ನು. ದೊಡ್ಡವರ ಮಜ್ಜೆಯಿಂದಲೂ ಹೆರಿಗೆಯ ನಂತರ ಹೊಕ್ಕಳುಬಳ್ಳಿಯ ರಕ್ತದಿಂದಲೂ ಕೋಶ ತೆಗೆಯುವುದು ನ್ಯಾಯಸಮ್ಮತವೆಂದು 2008ರ ಡಿಗ್ನಿತಾಸ್ ಪೆರ್ಸೋನೆ ಎಂಬ ಬೋಧನಾಪತ್ರ ಸ್ಪಷ್ಟವಾಗಿ ಹೇಳಿದೆ. ಒಡಹುಟ್ಟಿದವರಿಗೆ ಮಜ್ಜೆ ಕೊಡುವುದು ಪುಣ್ಯದ ಕೆಲಸ.

ಮೂರನೆಯ ಮೂಲ ಮತ್ತು ಒಂದು ಎಚ್ಚರಿಕೆ

ರಕ್ತದಲ್ಲಿ ಮಾನೋಸೈಟ್ ಎಂಬ ಬಿಳಿಕಣಗಳಿವೆ. ಜೋರು ಸೋಂಕು ಬಂದಾಗ ಇವು ಹುಣ್ಣಿನ ಜಾಗಕ್ಕೆ ಹೋಗಿ ಕವಲುಕೋಶದಂಥ ರೂಪ ತಾಳುತ್ತವೆ. ಸುಗ್ಗಿಯಲ್ಲಿ ಕೂಲಿಯವರನ್ನು ಕರೆದಂತೆ ಇದು. 1994ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸಲ್ಲುಸ್ತೊ ಮತ್ತು ಲಾಂಜವೆಕ್ಕಿಯ ಎಂಬ ವಿಜ್ಞಾನಿಗಳು ಮಾನೋಸೈಟುಗಳನ್ನು ಗಾಜಿನ ತಟ್ಟೆಯಲ್ಲಿ ಎರಡು ಪೋಷಕ ದ್ರವ್ಯಗಳೊಡನೆ ಬೆಳೆಸಿ ಕವಲುಕೋಶಗಳನ್ನು ತಯಾರಿಸಿ ತೋರಿಸಿದರು. ಅಂದಿನಿಂದ, ರೋಗಿಯ ರಕ್ತದಿಂದಲೇ ಇಂಥ ಕೋಶ ಮಾಡಿ, ಕ್ಯಾನ್ಸರಿನ ಗುರುತನ್ನು ಅದಕ್ಕೆ ಕಲಿಸಿ, ಮರಳಿ ಚುಚ್ಚುವ ಪ್ರಯತ್ನಗಳು ನಡೆದಿವೆ. ಸ್ಟೈನ್‌ಮನ್ ಅವರೂ ತಮ್ಮ ಕ್ಯಾನ್ಸರಿಗೆ ಇದನ್ನು ಪ್ರಯೋಗಿಸಿಕೊಂಡರು. 2007ರಲ್ಲಿ ರೋಗ ಪತ್ತೆಯಾದ ಮೇಲೆ ಅವರು ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಬದುಕಿದರು. ಅದು ಈ ಲಸಿಕೆಯಿಂದಲೇ ಎಂದು ಒಬ್ಬರನ್ನು ನೋಡಿ ಹೇಳಲಾಗದು. 2010ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಒಪ್ಪಿಗೆ ಪಡೆದ ಇಂಥ ಮೊದಲ ಚಿಕಿತ್ಸೆ ರೋಗಿಗಳ ಆಯುಸ್ಸನ್ನು ಸರಾಸರಿ ನಾಲ್ಕು ತಿಂಗಳಷ್ಟು ಹೆಚ್ಚಿಸಿತು. ಗಾಜಿನ ತಟ್ಟೆಯಲ್ಲಿ ಬೆಳೆದ ಕೋಶ ಮಜ್ಜೆಯ ಸಸಿಮಡಿಯಿಂದ ಬಂದ ಕೋಶಕ್ಕೆ ಎಲ್ಲ ರೀತಿಯಲ್ಲೂ ಸಮವಲ್ಲ. ಹುಟ್ಟಿನ ಮೂಲ ಬೇರೆಯಾದುದರಿಂದ ಗುಣವೂ ಬೇರೆ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. "ಡೆಂಡ್ರಿಟಿಕ್ ಸೆಲ್ ಥೆರಪಿಯಿಂದ ಕ್ಯಾನ್ಸರ್ ಖಂಡಿತ ವಾಸಿ" ಎಂದು ಲಕ್ಷಗಟ್ಟಲೆ ಹಣ ಕೇಳುವವರು ಪಟ್ಟಣಗಳಲ್ಲಿದ್ದಾರೆ. ಮನೆಯವರ ನೋವನ್ನು ನೋಡಲಾರದೆ ತೋಟ ಮಾರಲು, ಬಾವಿಯಿರುವ ಜಮೀನನ್ನು ಅಡವಿಡಲು ಮನಸ್ಸು ಮಾಡುವುದು ಸಹಜ. ಸಹಿ ಹಾಕುವ ಮುಂಚೆ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನಲ್ಲೋ ಎರಡನೆಯ ಅಭಿಪ್ರಾಯ ಕೇಳಿರಿ. "ಇದು ನನ್ನ ಬಗೆಯ ಕ್ಯಾನ್ಸರಿಗೆ ಗುಣ ಕೊಟ್ಟಿದೆಯೆಂದು ಎಲ್ಲಿ ತೋರಿಸಲಾಗಿದೆ? ಪರೀಕ್ಷೆಯ ಹಂತದಲ್ಲಿದ್ದರೆ ಹಣ ಏಕೆ ಕೇಳುತ್ತೀರಿ?" ಎಂಬ ಎರಡು ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಿರಿ. ಬೇಕಾದರೆ ವರದಿಗಳನ್ನು ನಮ್ಮ ಬಳಿಗೆ ತನ್ನಿರಿ, ತಿಳಿದ ವೈದ್ಯರಿಗೆ ತೋರಿಸಲು ನೆರವಾಗುತ್ತೇವೆ. ಪ್ರಾರ್ಥನೆಗೆ ಹಣ ಬೇಕಾಗಿಲ್ಲ, ನಿಜವಾದ ವೈದ್ಯನಿಗೆ ಪ್ರಶ್ನೆಯ ಭಯವಿಲ್ಲ.

ಕೊಟ್ಟಿಗೆಗೂ ಇದೇ ನಿಯಮ

ನಮ್ಮ ಕಾಂಗೇಯಂ ಎತ್ತಿಗೂ ಕರೆಯುವ ಹಸುವಿಗೂ ಮೇಕೆಗೂ ಇಂಥ ಕಾವಲುಗಾರರೇ ಇದ್ದಾರೆ. ಕಾಲುಬಾಯಿ ರೋಗದ ಲಸಿಕೆ ಹಾಕಿದ ದಿನವೇ ರಕ್ಷಣೆ ಬಂತೆಂದು ತಿಳಿಯಬಾರದು. ಗುರುತು ಗ್ರಂಥಿಗೆ ಹೋಗಿ, ಸೈನಿಕರು ತಯಾರಾಗಲು ಎರಡು ವಾರವಾದರೂ ಬೇಕು. ಸಂತೆಗೆ ಹೊಡೆಯುವ ಹಿಂದಿನ ದಿನ ಚುಚ್ಚಿಸಿದರೆ ಉಪಯೋಗವಿಲ್ಲ. ಊರಿನಲ್ಲಿ ರೋಗ ಕಾಣುವ ಮೊದಲೇ, ಪಶುವೈದ್ಯರು ಬಂದಾಗ, ಒಂದು ದನವನ್ನೂ ಬಿಡದೆ ಹಾಕಿಸಿರಿ.

ಕೊನೆಯ ಮಾತು

ಕಾವಲುಕೋಶ ಹೆಚ್ಚಿಸುತ್ತದೆಂದು ಹೇಳಿ ಮಾರುವ ಟಾನಿಕ್ಕುಗಳಿಗೆ ಹಣ ಚೆಲ್ಲಬೇಡಿರಿ. ಸಸಿಮಡಿಯನ್ನು ದೇವರು ಒಳಗೇ ಇಟ್ಟಿದ್ದಾನೆ. ಅದನ್ನು ಕೆಡಿಸದಿರುವುದು ನಮ್ಮ ಪಾಲಿನ ಕೆಲಸ. ಬೆಂಜೀನ್ ಮುಂತಾದ ಕೆಲವು ರಾಸಾಯನಿಕಗಳು ಮಜ್ಜೆಯನ್ನೇ ಹಾಳುಮಾಡಬಲ್ಲವು. ಔಷಧ ಸಿಂಪಡಿಸುವಾಗ ಮೂಗಿಗೆ ಬಟ್ಟೆ, ಕೈಗೆ ಗವಸು ಇರಲಿ. ಖಾಲಿ ಡಬ್ಬವನ್ನು ನೀರಿಗೂ ಎಣ್ಣೆಗೂ ಬಳಸಬೇಡಿರಿ. ಗರ್ಭಿಣಿಯರು ಇಂಥ ಕೆಲಸದಿಂದ ದೂರವಿರಲಿ, ಮೊದಲ ಮೂರು ತಿಂಗಳೊಳಗೇ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಲಿ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೇ ಪತ್ರದಲ್ಲಿ, ದೇಹದಲ್ಲಿ ದುರ್ಬಲವಾಗಿ ಕಾಣುವ ಅವಯವಗಳ ಅಗತ್ಯವನ್ನು ಕುರಿತು ಬೋಧಿಸುತ್ತಾರೆ. ರಕ್ತದ ಬಿಳಿಕಣಗಳಲ್ಲಿ ನೂರಕ್ಕೆ ಒಂದರಷ್ಟೂ ಸರಿಯಾಗಿ ಸಿಗದ, ಕೆಲವೇ ದಿನ ಬದುಕುವ ಈ ಕೋಶ ತನ್ನ ಜಾಗದಲ್ಲಿ ಎಚ್ಚರವಾಗಿ ಕುಳಿತಿರುವುದರಿಂದಲೇ ನಾವೆಲ್ಲ ನಿಶ್ಚಿಂತೆಯಿಂದ ಹೊಲಕ್ಕೆ ಹೋಗಿಬರುತ್ತಿದ್ದೇವೆ. ಮುಂದಿನ ವಾರ ಬದುವಿನ ಕಳೆ ಕೀಳಲು ಹೊರಡುವವರು ಕೈಗವಸು ಮರೆಯದಿರಲಿ.

– ಧರ್ಮಕೇಂದ್ರದ ಗುರುಗಳು